ಬಲಕ್ಕೆ ನೋಡುವ ಮೀನು

ಪುಸ್ತಕದಲ್ಲಿ ಮೀನುಗಳೆಲ್ಲ ಎಡಕ್ಕೇ ನೋಡಬೇಕು ಎಂದು ಮೊದಲು ಕಾನೂನು ಮಾಡಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಚೆನ್ನಾಗಿ ನಾಲ್ಕು ಮಾತು ಅಂದುಬಿಡುತ್ತಿದ್ದೆ. ನಮ್ಮ ಅಚ್ಚುಕೂಟದಲ್ಲಿ ಯಾವ ಹಾಳೆ ಎತ್ತಿದರೂ ಮೀನಿನ ತಲೆ ಎಡಗಡೆ, ಬಾಲ ಬಲಗಡೆ. ಹಾಗಿದ್ದರೆ ಪುಟ ಲಕ್ಷಣವಾಗಿ ಕಾಣುತ್ತದಂತೆ. ಬೇರೆ ಮೀನುಗಳಿಗೆ ಇದರಿಂದ ಗಂಟೇನೂ ಹೋಗುವುದಿಲ್ಲ. ಎರಡು ಪಕ್ಕವೂ ಒಂದೇ ತರಹ, ಪಕ್ಕಕ್ಕೊಂದು ಕಣ್ಣು. ಯಾವ ಕಡೆ ತಿರುಗಿಸಿ ಕೆತ್ತಿದರೂ ಅದೇ ಮೀನು.

ಚಪ್ಪಟೆ ಮೀನಿನ ಸಂಗತಿ ಹಾಗಲ್ಲ. ಅದು ಸಮುದ್ರದ ತಳದ ಮರಳಿನಲ್ಲಿ ಒಂದು ಮಗ್ಗುಲಾಗಿ ಮಲಗಿಕೊಂಡೇ ಜೀವನ ಕಳೆಯುವ ಪ್ರಾಣಿ. ಎರಡು ಕಣ್ಣೂ ಮೇಲಿನ ಮಗ್ಗುಲಲ್ಲೇ ಇರುತ್ತವೆ. ಕೆಲವು ಬಗೆಯವಕ್ಕೆ ಎರಡೂ ಬಲಮಗ್ಗುಲಲ್ಲಿ, ಕೆಲವಕ್ಕೆ ಎರಡೂ ಎಡಮಗ್ಗುಲಲ್ಲಿ. ಬಲಗಣ್ಣಿನ ಮೀನನ್ನು ಬೆನ್ನು ಮೇಲಾಗಿಟ್ಟು ಚಿತ್ರ ಬರೆದರೆ ಅದು ಬಲಕ್ಕೇ ನೋಡುತ್ತದೆ, ಎಡಕ್ಕೆ ನೋಡಲು ಅದಕ್ಕೆ ಸಾಧ್ಯವೇ ಇಲ್ಲ. ಬಲವಂತವಾಗಿ ಎಡಕ್ಕೆ ತಿರುಗಿಸಿದಿರೋ, ಬೇರೆಯೇ ಮೀನಾಗಿ ಕೂರುತ್ತದೆ. ಪಂಡಿತರು ಇವುಗಳನ್ನು ವಿಂಗಡಿಸುವಾಗ ಮೊದಲು ಕೇಳುವುದೇ ಕಣ್ಣು ಯಾವ ಮಗ್ಗುಲು ಎಂದು.

ನಾನು ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತುವವಳು. ಅಪ್ಪನೂ ಅದೇ ಕೆಲಸದವರು. ಅವರು ಹೋದ ಮೇಲೆ ಅವರ ಮೇಜು, ಅವರ ಉಳಿಗಳು, ತಗಡಿನ ಅಡಿಗೆ ಇಡುವ ಮರಳು ತುಂಬಿದ ಚರ್ಮದ ದಿಂಬು ಎಲ್ಲ ನನಗೆ ಬಂದವು. ಅಚ್ಚುಕೂಟ ನಡೆಸುತ್ತಿದ್ದುದು ಪ್ರಕೃತಿ ಪಂಡಿತರ ಸಂಘ. ಹೆಂಗಸೊಬ್ಬಳು ಆ ಮೇಜಿನ ಮುಂದೆ ಕೂತದ್ದು ಅದೇ ಮೊದಲು. ಅಪ್ಪನ ಮುಖ ನೋಡಿ ಕೊಟ್ಟಿದ್ದೇವೆ ಎಂದು ಸಂಘದ ಅಧ್ಯಕ್ಷರು ನನಗೆ ಆಗಾಗ ನೆನಪು ಮಾಡಿಕೊಡುತ್ತಿದ್ದರು, ನಾನು ಮರೆತೇನು ಎಂಬ ಹಾಗೆ.

ಈ ಅಧ್ಯಕ್ಷರದೊಂದು ದೊಡ್ಡ ಪುಸ್ತಕ, ನಮ್ಮ ಕಡಲಿನ ಮೀನುಗಳೆಲ್ಲ ಅದರಲ್ಲಿವೆ. ಅದು ಎರಡನೇ ಸಲ ಅಚ್ಚಾಗುವುದಿತ್ತು. ಹಳೆಯ ತಗಡುಗಳು ಸವೆದಿದ್ದವು, ಹೊಸದಾಗಿ ಕೆತ್ತುತ್ತಾ ಬಂದು ಕೊನೆಗೆ ಚಪ್ಪಟೆ ಮೀನಿನ ತಗಡೊಂದು ಉಳಿದಿತ್ತು. ಒಂದು ಬೆಳಗ್ಗೆ ಅಧ್ಯಕ್ಷರೇ ಖುದ್ದಾಗಿ ನನ್ನ ಕಿಟಕಿಯ ಹತ್ತಿರ ಬಂದು ನಿಂತರು. ಒಂದೇ ತಗಡಿನಲ್ಲಿ ಎರಡು ಮೀನು ಬರಬೇಕು ಎಂದರು. ಒಂದು ಬಲಗಣ್ಣಿನದು. ಇನ್ನೊಂದು ಎಡಗಣ್ಣಿನದು, ಅವರೇ ಕಂಡುಹಿಡಿದು ತಮ್ಮ ಮಾವನವರ ಹೆಸರಿಟ್ಟದ್ದು. ಮೊದಲನೆಯದಕ್ಕೆ ಸ್ಪಿರಿಟ್ಟಿನಲ್ಲಿಟ್ಟ ಮೀನನ್ನು ಕಳಿಸಿದ್ದರು. ಎರಡನೆಯದು ಎಲ್ಲಿ ಎಂದು ಕೇಳಿದೆ.

ಅದು ಸಿಕ್ಕುವುದು ಅಪರೂಪವಂತೆ. ಅಪರೂಪವೆಂದರೆ, ಅವರ ಪುಸ್ತಕ ಮೊದಲ ಸಲ ಬಂದಾಗಿನಿಂದ ಈವರೆಗೆ ಯಾರ ಬಲೆಗೂ ಬಿದ್ದಿಲ್ಲ. ಹಾಗಾಗಿ ಮೊದಲನೆಯದನ್ನೇ ತಿರುಗಿಸಿ, ಚುಕ್ಕೆ ಗಿಕ್ಕೆ ಒಂಚೂರು ಬದಲಾಯಿಸಿ ಕೆತ್ತಿಬಿಡು ಎಂದರು. ಇಷ್ಟು ಹೇಳಿ, ಬಲಗಣ್ಣಿನದೂ ಎಡಕ್ಕೆ ನೋಡುವ ಹಾಗೆ ಏನಾದರೂ ಉಪಾಯ ಮಾಡಲಾಗುತ್ತದೆಯೇ ಎಂದೂ ಕೇಳಿದರು. ತಲೆಕೆಳಗಾಗಿ ಇಟ್ಟರೆ ಆಗುತ್ತದೆ, ಆದರೆ ಹೊಟ್ಟೆ ಮೇಲೆ ಬರುತ್ತದೆ, ಸತ್ತ ಮೀನು ತೇಲಿದ ಹಾಗೆ ಕಾಣುತ್ತದೆ ಎಂದೆ. ಅವರಿಗೆ ನಗು ಬರಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತ್ತು. ಯಾಕೆಂದರೆ ಆ ಎಡಗಣ್ಣಿನ ಮೀನು ನಮ್ಮ ಮನೆಯೊಳಗೆ ಮಾಡಿದ ಅನಾಹುತ ನಾನು ಚಿಕ್ಕವಳಿದ್ದಾಗಿನಿಂದ ಕೇಳಿ ಬೆಳೆದದ್ದು.

ನನ್ನ ಸೋದರತ್ತೆ, ಅಪ್ಪನ ಅಕ್ಕ, ಆ ಸಂಘದಲ್ಲಿ ಒಂದು ಕಾಲಕ್ಕೆ ಸದಸ್ಯೆಯಾಗಿದ್ದವರು. ಚಪ್ಪಟೆ ಮೀನಿನ ವಿಷಯದಲ್ಲಿ ಅವರದು ಎತ್ತಿದ ಕೈ. ಹಳೆಯ ಪಂಡಿತರ ಬರಹವನ್ನೆಲ್ಲ ಅರೆದು ಕುಡಿದಿದ್ದರು: ಇದು ಅರ್ಧ ಮೀನು, ಇನ್ನರ್ಧ ಎಲ್ಲೋ ಈಜುತ್ತಿದೆ ಎಂದು ಬರೆದವರೊಬ್ಬರು, ಸಮುದ್ರದ ಭಾರಕ್ಕೆ ಚಪ್ಪಟೆಯಾಯಿತು ಎಂದವರೊಬ್ಬರು, ಕಣ್ಣಿನ ಮಗ್ಗುಲು ನೋಡಿ ಎರಡು ಪಂಗಡ ಮಾಡಿದವರೊಬ್ಬರು. ಅತ್ತೆ ಅವರೆಲ್ಲರನ್ನೂ ಬೈಯುತ್ತಲೇ ಓದಿದರು. ಓದಿದ್ದು ಸಾಲದೆಂದು ಮರಿಗಳನ್ನು ತಂದು ಬಚ್ಚಲುಮನೆಯ ತೊಟ್ಟಿಯಲ್ಲಿ ಸಾಕಿದರು. ಮರಿಗಳು ಎಲ್ಲ ಮೀನಿನ ಹಾಗೆ ನೆಟ್ಟಗೆ ಈಜುತ್ತಿದ್ದವು, ಪಕ್ಕಕ್ಕೊಂದು ಕಣ್ಣು. ಬರಬರುತ್ತಾ ಒಂದು ಕಣ್ಣು ಹಣೆ ಹತ್ತಿ ಆಚೆ ಮಗ್ಗುಲಿಗೆ ದಾಟುವುದನ್ನು ಅತ್ತೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಅಷ್ಟೂ ಕಾಲ ಮನೆಮಂದಿಯೆಲ್ಲ ಅಡುಗೆಮನೆಯ ಮೂಲೆಯಲ್ಲಿ ಬಕೀಟಿಟ್ಟುಕೊಂಡು ಸ್ನಾನ ಮಾಡುತ್ತಿದ್ದೆವು.

ಅಧ್ಯಕ್ಷರು ಹೊಸ ಮೀನನ್ನು ಸಾರಿದ್ದು ಬರೀ ಒಂದು ಚಿತ್ರ ನೋಡಿಕೊಂಡು. ಅಚ್ಚುಕೂಟದವರು ಹಿಂದೊಮ್ಮೆ ಮೀನುಪೇಟೆಯಲ್ಲಿ ಸಿಗುವ ಮೀನುಗಳ ಚಿತ್ರಮಾಲೆ ಅಚ್ಚು ಹಾಕಿದ್ದರು, ಅದರೊಳಗಿನ ಚಿತ್ರ. ಅತ್ತೆ ಸಭೆಯಲ್ಲಿ ಎದ್ದು ನಿಂತು, ಇದು ಹೊಸ ಮೀನಲ್ಲ, ಬಲಗಣ್ಣಿನ ಹಳೆ ಮೀನಿನ ಚಿತ್ರವೇ ತಿರುಗಿ ಅಚ್ಚಾಗಿದೆ ಎಂದರು. ಪುರಾವೆ ಏನು ಎಂದು ಕೇಳಿದರು. ಅತ್ತೆ ಕೂತುಬಿಟ್ಟರು. ಬಚ್ಚಲುಮನೆ ವಿಜ್ಞಾನ ಎಂದು ಯಾರೋ ಅಂದರು, ಸಭೆಗೆ ಸಭೆಯೇ ನಕ್ಕಿತು. ಆಮೇಲೆ ಸದಸ್ಯರ ಪಟ್ಟಿಯಿಂದ ಅವರ ಹೆಸರು ಹೋಯಿತು. ಅವರು ತೊಟ್ಟಿಯಲ್ಲಿ ಕಂಡಿದ್ದೆಲ್ಲ ಅಧ್ಯಕ್ಷರ ಪುಸ್ತಕದಲ್ಲಿ ಅಧ್ಯಕ್ಷರದೇ ಆಗಿ ಬಂತು. ನಮ್ಮ ಮನೆಯಲ್ಲಿ ಮಾತ್ರ ಆ ಮನುಷ್ಯನಿಗೆ ಎಡಗಣ್ಣಪ್ಪ ಎಂಬ ಹೆಸರು ಉಳಿಯಿತು. ಅದನ್ನು ಇಟ್ಟವರು ಅತ್ತೆಯೇ.

ಹೀಗಿರುವಾಗ ನನ್ನ ಕೈಯಲ್ಲೇ ಆ ಸುಳ್ಳು ಮೀನನ್ನು ಇನ್ನೊಮ್ಮೆ ಕೆತ್ತಿಸುವುದೆಂದರೆ? ಮನೆಗೆ ಹೋದವಳೇ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒದರಿದೆ. ಅತ್ತೆ ಕಿಡಿಕಿಡಿಯಾಗುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಕೂತಲ್ಲೇ, ಕಣ್ಣಿಗೆ ಪೊರೆ ಬಂದಮೇಲೆ ಅಭ್ಯಾಸವಾದ ಹಾಗೆ ಮಾತು ಬಂದ ಕಡೆಗೆ ಕಿವಿ ತಿರುಗಿಸಿ, ಹೇಳಿದ ಹಾಗೆ ಕೆತ್ತಿಕೊಟ್ಟುಬಿಡು ಎಂದರು. ಅಮ್ಮ ಒಲೆಯ ಮುಂದಿನಿಂದಲೇ ಹೌದು ಹೌದು ಎಂದಳು. ಈ ಅತ್ತಿಗೆ ನಾದಿನಿಯರು ಯಾವ ವಿಷಯಕ್ಕೂ ಒಂದೇ ಮಾತು ಆಡಿದವರಲ್ಲ. ಉಪ್ಪಿನ ಡಬ್ಬಿ ಎಲ್ಲಿಡಬೇಕು ಎಂಬುದಕ್ಕೂ ಜಟಾಪಟಿ. ಅವರಿಬ್ಬರೂ ಒಂದಾದರೆಂದರೆ ಒಳಗೇನೋ ಇದೆ ಎಂದು ಆಗಲೇ ಅನ್ನಿಸಿತು.

ಮಾರನೆಯ ದಿನ ಅಚ್ಚುಕೂಟದ ಉಗ್ರಾಣಕ್ಕೆ ಹೋದೆ. ಅಲ್ಲಿ ಹಳೆಯ ತಗಡುಗಳನ್ನು ಎಣ್ಣೆಕಾಗದದಲ್ಲಿ ಸುತ್ತಿ ಗೂಡುಗಳಲ್ಲಿ ನಿಲ್ಲಿಸಿರುತ್ತಾರೆ. ಆ ಮೀನುಪೇಟೆ ಚಿತ್ರಮಾಲೆಯ ತಗಡನ್ನು ಹುಡುಕಿ ಕಿಟಕಿಯ ಬೆಳಕಿಗೆ ಹಿಡಿದೆ.

ತಗಡಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ತಗಡಿನಲ್ಲಿ ಹೇಗಿರುತ್ತದೋ ಅಚ್ಚಿನಲ್ಲಿ ಅದರ ಉಲ್ಟಾ ಬರುತ್ತದೆ. ಅದಕ್ಕೇ ನಾವು ಎಲ್ಲವನ್ನೂ ತಿರುಗಿಸಿಕೊಂಡು ಕೆತ್ತುತ್ತೇವೆ. ಆದರೆ ಮೀನನ್ನು ಕೆತ್ತುವವರಿಗೆ ಒಂದು ಸುಲಭದ ದಾರಿಯಿದೆ. ಮುಂದಿರುವ ಮೀನು ಬಲಕ್ಕೆ ನೋಡುತ್ತಿದ್ದರೆ ತಿರುಗಿಸುವ ತಲೆನೋವೇ ಬೇಡ, ಇದ್ದ ಹಾಗೇ ಕೆತ್ತಿದರಾಯಿತು, ಅಚ್ಚಿನಲ್ಲಿ ತಾನಾಗಿ ಎಡಕ್ಕೆ ತಿರುಗುತ್ತದೆ. ಅಚ್ಚುಕೂಟದ ಕಾನೂನಿಗೂ ಸರಿ. ಆ ಕಾಲದವರೆಲ್ಲ ಹಾಗೇ ಮಾಡುತ್ತಿದ್ದರು. ಈ ತಗಡಿನಲ್ಲೂ ಮೀನು ಬಲಕ್ಕೆ ನೋಡುತ್ತಿತ್ತು, ಅಚ್ಚುಕಟ್ಟಾಗಿ, ಸಾಕ್ಷಾತ್ ಬಲಗಣ್ಣಿನ ಮೀನು. ಬಾಲದ ತುದಿಯಲ್ಲಿ ಯಾವುದೋ ದೊಡ್ಡ ಮೀನು ಕಚ್ಚಿದ ಅರ್ಧಚಂದ್ರದ ಗಾಯ. ಹೊಟ್ಟೆಯ ಕೆಳಗಿನ ನೆರಳುಗೆರೆಗಳ ನಡುವೆ, ಗೊತ್ತಿದ್ದವರಿಗೆ ಮಾತ್ರ ಕಾಣುವ ಹಾಗೆ, ಒಂದು ಪುಟ್ಟ ಗಾಳದ ಗುರುತು.

ಗಾಳ ಅಪ್ಪನ ಗುರುತು. ಪ್ರತಿ ಕೆತ್ತನೆಗಾರನೂ ಹೀಗೊಂದನ್ನು ಕದ್ದು ಇಡುತ್ತಾನೆ. ಅಪ್ಪ ಕೆತ್ತಿದ ಮೀನೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಆ ಬಾಲದ ಗಾಯ ನನಗೆ ಹೊಸದಾಗಿರಲಿಲ್ಲ. ಅತ್ತೆಯ ಕೋಣೆಯ ಮೇಲಿನ ಗೂಡಿನಲ್ಲಿ, ಹಳೆ ಜಾಡಿಗಳ ಹಿಂದೆ, ಕಚ್ಚಿದ ಬಾಲದ ಮೀನೊಂದು ಸ್ಪಿರಿಟ್ಟಿನಲ್ಲಿ ಕೂತಿದೆ. ಚಿಕ್ಕಂದಿನಲ್ಲಿ ಅದನ್ನು ಮುಟ್ಟಲು ಹೋಗಿ ಅತ್ತೆಯಿಂದ ಏಟು ತಿಂದಿದ್ದೇನೆ.

ಆ ಸಂಜೆ ಜಾಡಿಯನ್ನು ಇಳಿಸಿ ಅವರಿಬ್ಬರ ಮುಂದೆ ಮೇಜಿನ ಮೇಲಿಟ್ಟೆ. ಗಾಜು ಮೇಜಿಗೆ ತಾಗಿದ ಸದ್ದಿಗೇ ಅತ್ತೆಗೆ ಯಾವ ಜಾಡಿ ಎಂದು ಗೊತ್ತಾಯಿತು.

ಮೊದಲು ಬಾಯಿ ಬಿಟ್ಟವಳು ಅಮ್ಮ. ಅತ್ತೆ ಪೇಟೆಯಿಂದ ತಂದ ಮೀನನ್ನೇ ಎದುರಿಗಿಟ್ಟುಕೊಂಡು ಅಪ್ಪ ಕೆತ್ತಿದ್ದಂತೆ. ಅಚ್ಚಿನ ಹಾಳೆ ಕೈಗೆ ಬಂದ ಮೇಲೆ ತಪ್ಪು ಗೊತ್ತಾಯಿತಂತೆ; ಅಷ್ಟರಲ್ಲಿ ಅಧ್ಯಕ್ಷರು ಹೊಸ ಮೀನು ಸಿಕ್ಕಿತೆಂದು ಊರಿಗೆಲ್ಲ ಸಾರಿ, ಮಾವನವರ ಹೆಸರಿಟ್ಟು, ಇದನ್ನು ಕೆತ್ತಿದವನೇ ನನ್ನ ಪುಸ್ತಕಕ್ಕೆ ಬೇಕು ಎಂದು ಅಪ್ಪನಿಗೆ ಮುಖ್ಯ ಕೆತ್ತನೆಗಾರನ ಕೆಲಸ ಕೊಟ್ಟಿದ್ದರಂತೆ. ಸಭೆಯಲ್ಲಿ ಅತ್ತೆ ಎದ್ದು ನಿಂತಾಗ ಅಪ್ಪನೂ ಅಲ್ಲೇ ಇದ್ದರು. ನೀನೇ ಹೇಳಪ್ಪ, ಚಿತ್ರ ತಿರುಗಿದೆಯೇ ಎಂದು ಅಧ್ಯಕ್ಷರು ಅವರನ್ನೇ ಕೇಳಿದರು. ಅಪ್ಪ ತಲೆ ತಗ್ಗಿಸಿ ನಿಂತರು. ತುಟಿ ಪಿಟಕ್ಕೆನ್ನಲಿಲ್ಲ.

"ನೀವು ಜಾಡಿ ತೋರಿಸಬಹುದಿತ್ತಲ್ಲ ಅತ್ತೆ," ಎಂದೆ.

"ತೋರಿಸಿದ್ರೆ ನಿಮ್ಮಪ್ಪ ಬೀದಿಗೆ ಬರ್ತಿದ್ದ ಕಣೇ. ನಾನು ಎದ್ದು ನಿಂತಾಗ ಅವನೇ ಒಪ್ಕೋತಾನೆ ಅಂದ್ಕೊಂಡಿದ್ದೆ. ಅವನ ಮುಖ ನೋಡಿದೆ. ಆಗಲ್ಲ ಅಂತ ಗೊತ್ತಾಯ್ತು, ಕೂತ್ಕೊಂಡೆ."

ಅಷ್ಟೇ ಅವರು ಹೇಳಿದ್ದು. ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಬದುಕಿದ್ದಿದ್ದರೆ ಅವತ್ತು ಮಾತು ಬಿಡುತ್ತಿದ್ದೆ. ಅದೇ ಉಸಿರಿಗೆ ಅವರು ನನ್ನ ಕೈ ಹಿಡಿದು ಉಳಿಯನ್ನು ಹೇಗೆ ತಳ್ಳಬೇಕೆಂದು ಕಲಿಸಿದ್ದು ನೆನಪಾಗಿ ಅಳುವೂ ಬಂತು. ಅತ್ತುಕೊಂಡೇ ಹೇಳಿದೆ, ಎರಡನೇ ಮೀನನ್ನು ನಾನು ಕೆತ್ತುವುದಿಲ್ಲ, ಈ ಜಾಡಿಯನ್ನು ಸಭೆಗೆ ತೆಗೆದುಕೊಂಡು ಹೋಗುತ್ತೇನೆ ಎಂದು.

ಮನೆಯಲ್ಲಿ ದೊಡ್ಡ ರಂಪವಾಯಿತು. ಸತ್ತವರ ಮುಖಕ್ಕೆ ಮಸಿ ಬಳಿಯಬೇಡ ಎಂದು ಅಮ್ಮ. ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದನ್ನು ನೀನ್ಯಾಕೆ ಕೆದಕುತ್ತೀ ಎಂದು ಅತ್ತೆ. ಕೆಲಸ ಹೋಗುತ್ತದೆ, ಮರ್ಯಾದೆ ಹೋಗುತ್ತದೆ, ಇಬ್ಬರು ಮುದುಕಿಯರನ್ನು ಕಟ್ಟಿಕೊಂಡು ಏನು ಮಾಡುತ್ತೀ ಎಂದು ಇಬ್ಬರೂ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅತ್ತೆ ಆ ಪೊರೆ ಬಂದ ಕಣ್ಣುಗಳಿಂದ ಇನ್ನೆಷ್ಟು ದಿನ ಬೆಳಕು ಕಾಣುತ್ತಾರೋ. ಅವರ ಜೀವಮಾನದ ಓದು ಸುಳ್ಳೆಂದು ಎರಡನೇ ಸಲವೂ ಅಚ್ಚಾಗುವುದು, ಅದೂ ನನ್ನ ಕೈಯಿಂದ. ಆಗುವುದಿದ್ದರೆ ಅದು ನನ್ನ ಹೆಣದ ಮೇಲೇ ಆಗಲಿ. ಆಗುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಮಲಗಲು ಹೋದೆ.

ತಗಡು ಕೆತ್ತಿದೆ. ಒಂದೇ ಮೀನು. ತಗಡಿನಲ್ಲಿ ಎಡಕ್ಕೆ, ಅಂದರೆ ಅಚ್ಚಿನಲ್ಲಿ ಬಲಕ್ಕೆ ನೋಡುವ ಹಾಗೆ. ಅಧ್ಯಕ್ಷರು ಕಳಿಸಿದ ಮೀನನ್ನು ಬಿಟ್ಟು ಜಾಡಿಯ ಮೀನನ್ನೇ ಎದುರಿಗಿಟ್ಟುಕೊಂಡೆ, ಬಾಲದ ಕಚ್ಚನ್ನೂ ಬಿಡದೆ ಕೆತ್ತಿದೆ. ಪಕ್ಕದ ಜಾಗವನ್ನು ಬೋಳಾಗಿ ಬಿಟ್ಟೆ. ಮೀನಿನ ಕೆಳಗೆ, ಇದರ ಕಣ್ಣು ದಾಟುವುದನ್ನು ಮೊದಲು ಕಂಡವರು ಇಂಥವರು ಎಂದು ಅತ್ತೆಯ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಆಳವಾಗಿ ಕೊರೆದೆ.

ಹೊಸ ಹಾಳೆಗಳನ್ನು ಸದಸ್ಯರು ನೋಡಿ ಒಪ್ಪುವ ದಿನ, ನಾನು ಜಾಡಿಯನ್ನು ಚೀಲದೊಳಗೆ ಹಾಕುತ್ತಿದ್ದಾಗ ಅಮ್ಮ ಬಂದು ಕೈಯಿಂದ ಕಿತ್ತುಕೊಂಡಳು. ಒಡೆದೇ ಬಿಡುತ್ತಾಳೆ ಎಂದುಕೊಂಡೆ. ಅವಳು ಸೆರಗಿನಿಂದ ಅದರ ಧೂಳನ್ನು ತಿಕ್ಕಿ ತಿಕ್ಕಿ ಒರೆಸಿದಳು.

"ಹೋಗೋದೇ ಆದ್ರೆ ಕೊಳಕು ಜಾಡಿ ಹಿಡ್ಕೊಂಡು ಹೋಗ್ಬೇಡ," ಎಂದಳು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಪಾತ್ರೆ ಉಜ್ಜಲು ಹೋದಳು.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಯುದ್ದಕ್ಕೂ ದಾರಕ್ಕೆ ಸಿಕ್ಕಿಸಿದ ಹಾಳೆಗಳು. ಸಾಲುಸಾಲು ಮೀನುಗಳು ಒಂದೇ ಕಡೆಗೆ ನೋಡುತ್ತಿದ್ದವು. ಕೊನೆಯಲ್ಲಿ ನನ್ನ ಹಾಳೆ. ಅಧ್ಯಕ್ಷರು ಅದರ ಮುಂದೆ ನಿಂತವರು ಕನ್ನಡಕ ತೆಗೆದರು, ಹಾಕಿದರು. ಎರಡನೇ ಮೀನು ಎಲ್ಲಮ್ಮ ಎಂದು ಕೇಳಿದರು. ಸಮುದ್ರದಲ್ಲಿಲ್ಲದ್ದು ಹಾಳೆಗೆ ಎಲ್ಲಿಂದ ಬರಬೇಕು ಎಂದೆ.

ಮತ್ತೆ ನಾನು ಕಾಯಲಿಲ್ಲ. ಜಾಡಿಯನ್ನೂ ಹಳೆಯ ತಗಡನ್ನೂ ಅದರಿಂದ ಅಚ್ಚಾದ ಹಾಳೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಮೂರರಲ್ಲೂ ಬಾಲ ನೋಡಿ ಎಂದೆ. ತಗಡಿನ ಗಾಳದ ಗುರುತು ತೋರಿಸಿ, ಇದು ನನ್ನ ಅಪ್ಪನ ಗುರುತು, ತಪ್ಪು ಅವರದು, ಆ ತಪ್ಪು ಮಾಡಿಸಿದ್ದು ಮೀನೆಲ್ಲ ಎಡಕ್ಕೆ ನೋಡಬೇಕೆಂಬ ನಿಮ್ಮ ಕಾನೂನು ಎಂದೆ. ಸದಸ್ಯರು ಕುರ್ಚಿ ಸರಿಸಿಕೊಂಡು ಮೇಜಿನ ಸುತ್ತ ಮುತ್ತಿದರು.

ಅಧ್ಯಕ್ಷರು ಸೋಲುವ ಆಸಾಮಿಯಲ್ಲ. ಲಕ್ಷಕ್ಕೊಂದು ಮೀನು ಎಡಗಣ್ಣಿನದೂ ಹುಟ್ಟಬಹುದಲ್ಲ ಎಂದರು. ಹುಟ್ಟಲಿ ಸ್ವಾಮಿ, ಬಾಲದಲ್ಲಿ ಅದೇ ಕಚ್ಚನ್ನೂ ಇಟ್ಟುಕೊಂಡೇ ಹುಟ್ಟುತ್ತದೆಯೇ ಎಂದೆ. ಯಾರೋ ಕಿಸಕ್ಕೆಂದರು. ಈ ಸಲ ನಗು ಯಾವ ಕಡೆಗೆ ತಿರುಗಿತೆಂದು ಅವರಿಗೂ ಗೊತ್ತಾಯಿತು, ಮುಖ ಕೆಂಪಗಾಯಿತು.

"ನಿಮ್ಮಪ್ಪ ಸಾಯೋವರೆಗೂ ಈ ವಿಷಯದಲ್ಲಿ ಒಂದು ಮಾತೂ ಆಡಲಿಲ್ಲ," ಎಂದರು, ಒಂದೊಂದೇ ಪದ ಒತ್ತಿ.

"ಆಡಲಿಲ್ಲ. ಅದಕ್ಕೇ ನಾನು ಆಡ್ತಿದ್ದೀನಿ."

ಎಲ್ಲರಿಗಿಂತ ಹಿರಿಯ ಸದಸ್ಯರೊಬ್ಬರು, ಅಂದಿನ ಸಭೆಯಲ್ಲೂ ಇದ್ದವರು, ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬಚ್ಚಲುಮನೆ ಎಂದು ಅಂದವನು ನಾನೇ ಎಂದು ಮೆಲ್ಲಗೆ ಹೇಳಿ, ಕೂತುಬಿಟ್ಟರು.

ಅಂದು ಎರಡು ತೀರ್ಮಾನ ಆದವು. ಎಡಗಣ್ಣಿನ ಮೀನು ಪುಸ್ತಕದಿಂದ ಹೋಗಬೇಕು, ಅದು ಸದಸ್ಯರದು. ನಾಳೆಯಿಂದ ನಾನು ಅಚ್ಚುಕೂಟಕ್ಕೆ ಬರಕೂಡದು. ಅದು ಅಧ್ಯಕ್ಷರದು, ಅದಕ್ಕೆ ಯಾರೂ ಎದುರಾಡಲಿಲ್ಲ. ಇಷ್ಟು ಹೊತ್ತು ತಲೆಯಾಡಿಸಿದವರೆಲ್ಲ ಕಾಗದ ಜೋಡಿಸಿಕೊಳ್ಳುತ್ತಾ ಮೇಜು ನೋಡಿದರು. ಹೊರಡುವಾಗ ಅಧ್ಯಕ್ಷರು ಮೀನಿನ ಕೆಳಗಿನ ಹೆಸರನ್ನು ಅಳಿಸಿಕೊಟ್ಟು ಹೋಗು ಎಂದರು.

ತಾಮ್ರದಲ್ಲಿ ಕೊರೆದದ್ದು ಒರೆಸಿದರೆ ಹೋಗುವುದಿಲ್ಲ. ಕೆರೆಯಬೇಕು, ಹಿಂದಿನಿಂದ ಸುತ್ತಿಗೆಯಲ್ಲಿ ಬಡಿದು ತಗ್ಗು ಎತ್ತಬೇಕು, ಆಮೇಲೆ ಕನ್ನಡಿಯಾಗುವ ತನಕ ಉಜ್ಜಬೇಕು. ಅಷ್ಟು ಆಳಕ್ಕೆ ಕೊರೆದದ್ದು ಬೇಕೆಂದೇ.

"ನಾಳೆಯಿಂದ ನಾನು ನಿಮ್ಮ ಕೆಲಸದವಳಲ್ಲ. ಅಳಿಸೋದಾದ್ರೆ ನೀವೇ ಕೂತು ಅಳಿಸಿ," ಎಂದು ಅಪ್ಪನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ.

ಈಗ ಮನೆಯ ಮುಂದಿನ ಕೋಣೆಯಲ್ಲೇ ಕೂತು ಅಂಗಡಿಯವರ ಚೀಟಿ, ಔಷಧಿ ಸೀಸೆಗೆ ಅಂಟಿಸುವ ಹೆಸರು ಇಂಥವನ್ನು ಕೆತ್ತುತ್ತೇನೆ. ಅಮ್ಮ ದಿನಕ್ಕೊಮ್ಮೆ ಹಳೆ ಸಂಬಳ ನೆನೆಸಿಕೊಂಡು ಗೊಣಗುತ್ತಾಳೆ. ಗೊಣಗಲಿ. ಪುಸ್ತಕ ಅಚ್ಚಾದ ಮೇಲೆ ಆ ಹಿರಿಯ ಸದಸ್ಯರು ಒಂದು ಪ್ರತಿಯನ್ನು ಮನೆಗೇ ತಂದುಕೊಟ್ಟರು. ಬಾಗಿಲಲ್ಲೇ ನಿಂತು ಅತ್ತೆಗೆ ಕೈಮುಗಿದರು. ಅತ್ತೆಗೆ ಕಾಣಲಿಲ್ಲ, ನಾನೂ ಹೇಳಲಿಲ್ಲ. ಅವರು ಮಾತಿನಲ್ಲೇ ಕ್ಷಮೆ ಕೇಳಲಿ ಎಂದು ಕಾದೆ. ಕೇಳಿದರು. ಆಮೇಲೆ ಅಮ್ಮ ಕುರ್ಚಿ ಹಾಕಿದಳು.

ಅವರು ಹೋದ ಮೇಲೆ ಅತ್ತೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಚಪ್ಪಟೆ ಮೀನಿನ ಪುಟ ತೆಗೆದುಕೊಡು ಎಂದರು. ತೆಗೆದುಕೊಟ್ಟೆ. ಅವರಿಗೆ ಕಾಣುತ್ತಿದ್ದುದು ಬಿಳಿಯ ಮೇಲೆ ಒಂದು ಮಸುಕು ಮಚ್ಚೆಯಷ್ಟೇ. ಬೆರಳಿನಿಂದ ಹಾಳೆಯ ಮೇಲೆ ಮಸಿಯ ಉಬ್ಬನ್ನು ತಡವಿ ತಡವಿ ಬಾಲದ ಕಚ್ಚನ್ನು ಹುಡುಕಿದರು. ಅಲ್ಲಿಂದ ಬೆರಳನ್ನು ಮೆಲ್ಲಗೆ ತಲೆಯ ಕಡೆಗೆ ಎಳೆದರು.

"ಹೆಸರು ಅಳಿಸಿಲ್ವಾ?"

"ಇಲ್ಲ ಅತ್ತೆ. ಇದ್ದ ಹಾಗೇ ಇದೆ."

"ಉಳಿದ ಮೀನೆಲ್ಲ ಯಾವ ಕಡೆ ನೋಡ್ತಿವೆ?"

"ಎಲ್ಲಾ ಎಡಕ್ಕೆ. ಇದೊಂದೇ ಬಲಕ್ಕೆ."

ಅತ್ತೆ ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಗುವುದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ. ಒಳಗಿನಿಂದ ಅಮ್ಮ ಏನಾಯಿತೆಂದು ಓಡಿಬಂದಳು. ಅತ್ತೆ ಪುಸ್ತಕವನ್ನು ಮುಚ್ಚಲಿಲ್ಲ, ಆ ಪುಟವನ್ನೇ ತೆರೆದಿಟ್ಟುಕೊಂಡು, ಬೆರಳನ್ನು ಅಪ್ಪನ ಗಾಳದ ಗುರುತು ಇರುತ್ತಿದ್ದ ಜಾಗದಲ್ಲಿಟ್ಟರು. ಅಲ್ಲೂ ಒಂದು ಗುರುತಿದೆ ಎಂದು ನಾನು ಅವರಿಗೆ ಹೇಳಿರಲಿಲ್ಲ. ಅವರೇ ಕಂಡುಕೊಂಡರು.

"ನಿನ್ನ ಗುರುತೂ ಗಾಳವೇ ಏನೇ?" ಎಂದು ಕೇಳಿದರು.

"ಗಾಳವೇ," ಎಂದೆ. "ಅಪ್ಪನದೇ. ಬಲಕ್ಕೆ ತಿರುಗಿಸಿದ್ದೀನಿ."